ಐದು ಎಣಿಸುವವರೆಗೆ

ಬೆಲ್ಲದ ಬಾಗೇವಾಡಿ
3 ಏಪ್ರಿಲ್ 2025

ಗೋಕಾಕದ ಈಜುಕೊಳದ ಸುವರ್ಣಾ ಅಕ್ಕೋರಿಗೆ ಮುರಿಗೆಪ್ಪನ ಶರಣು.

ನೀವು ನನ್ನನ್ನು ನೋಡಿಲ್ಲ. ಸೋಮವಾರ, ಬುಧವಾರ, ಶುಕ್ರವಾರ ನಿಮ್ಮಲ್ಲಿಗೆ ಪಾಠಕ್ಕೆ ಬರುವ ಸೂರಜ ನನ್ನ ಮಗಳು ಸುಜಾತಾಳ ಮಗ. ಅವನಿಗೆ ಈಗ ಎರಡು ವರ್ಷ ಎಂಟು ತಿಂಗಳು. ಅಳಿಯ ಬಾಳೇಶ ಮೂಡಲಗಿಯ ಹೈಸ್ಕೂಲಿನಲ್ಲಿ ಮಾಸ್ತರ, ದಿನಾ ಗೋಕಾಕದಿಂದ ಹೋಗಿಬರುತ್ತಾರೆ. ನಾನು ಕಾಲುವೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಗೇಟು ಎತ್ತುವ, ಇಳಿಸುವ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಫೋನ್ ನಂಬರು ಮಗಳ ಹತ್ತಿರ ಇದೆ. ಆದರೆ ಒಮ್ಮೆ ಫೋನಿನಲ್ಲಿ ಬಂದ ಹುಕುಂ ನಂಬಿ ಗೇಟು ತೆಗೆದೆ. ಕೊಟ್ಟವರು ‘ನಾವು ಹೇಳೇ ಇಲ್ಲ’ ಎಂದರು, ಮೆಮೊ ನನಗೆ ಬಂತು. ಅಂದಿನಿಂದ ನೀರಿನ ವಿಷಯ ಏನಿದ್ದರೂ ಬರವಣಿಗೆಯಲ್ಲೇ ಕೇಳುತ್ತೇನೆ, ಬರವಣಿಗೆಯಲ್ಲಿ ಬಂದದ್ದನ್ನೇ ಪಾಲಿಸುತ್ತೇನೆ.

ಯುಗಾದಿಗೆ ಕೂಸು ಇಲ್ಲಿಗೆ ಬಂದಿತ್ತು. ನನ್ನ ಹೆಂಡತಿ ಶಿವವ್ವ ಎಣ್ಣೆ ಹಚ್ಚಿ ಎರೆಯಲು ಕರೆದರೆ, ಬಚ್ಚಲ ಹೊಸ್ತಿಲ ಮೇಲೆ ಕುಳಿತು ‘ಆಯೀ, ಇಳೀಲಿ?’ ಎಂದು ಕೇಳಿದ.

‘ಬಚ್ಚಲಕ್ಕ ಬರಾಕೂ ಪರವಾನಗಿ ಬೇಕೇನೋ ನನ್ನಪ್ಪಾ? ಬಾ’ ಎಂದಳು ಇವಳು. ತಲೆಯ ಮೇಲೆ ತಂಬಿಗೆ ನೀರು ಬಿದ್ದದ್ದೇ ತಡ, ಬಾಯಿ ಬಿಗಿಯಾಗಿ ಮುಚ್ಚಿ, ಗರ್ರನೆ ಹಿಂದೆ ತಿರುಗಿ, ತಣ್ಣೀರಿನ ಪೀಪಾಯಿಯ ಅಂಚನ್ನು ಹಿಡಿದುಬಿಟ್ಟ. ಬಿಡಿಸಲು ಇಬ್ಬರು ಬೇಕಾಯಿತು. ‘ಗೋಕಾಕದಾಗ ಏನ ಕಲಸಾಕತ್ತಾರೋ ಏನೋ, ಕೂಸ ಹಲ್ಲಿ ಆಗೇತಿ’ ಎಂದು ಶಿವವ್ವ ಇಡೀ ಓಣಿಗೆ ಹೇಳಿಕೊಂಡು ಬಂದಿದ್ದಾಳೆ.

ಇಷ್ಟು ಸಣ್ಣ ಕೂಸಿಗೆ ಈಜು ಬರುತ್ತದೆಯೇ? ಬರುವುದಿಲ್ಲವಾದರೆ ನೀವು ಕಲಿಸುವುದೇನು? ಕೂಸಿಗೆ ನೀರಿನ ಹೆದರಿಕೆ ಕಲಿಸುತ್ತೀರೋ, ಧೈರ್ಯ ಕಲಿಸುತ್ತೀರೋ? ನನಗೆ ತಿಳಿಯುತ್ತಿಲ್ಲ. ಬರೆದು ತಿಳಿಸಬೇಕು.

ಮುರಿಗೆಪ್ಪ


ಗೋಕಾಕ
10 ಏಪ್ರಿಲ್ 2025

ಹಿರಿಯರಾದ ಮುರಿಗೆಪ್ಪ ಕಾಕಾ ಅವರಿಗೆ ಸುವರ್ಣಾಳ ನಮಸ್ಕಾರ.

ಈ ಕೊಳದ ವಿಳಾಸಕ್ಕೆ ನನ್ನ ಹೆಸರಿನಲ್ಲಿ ಬಂದ ಮೊದಲ ಪತ್ರ ನಿಮ್ಮದು. ಕೋರ್ಟಿನ ನೋಟೀಸು ಇರಬೇಕೆಂದು ನಮ್ಮ ಮಾಲೀಕರು ಗಾಬರಿಯಾಗಿದ್ದರು.

ಕಾಕಾ, ನಾನು ಇಷ್ಟು ಸಣ್ಣವರಿಗೆ ಈಜು ಕಲಿಸುವುದಿಲ್ಲ. ನೀರಿಗೆ ಬಿದ್ದರೆ ಏನು ಮಾಡಬೇಕೆಂಬುದನ್ನು ಕಲಿಸುತ್ತೇನೆ. ದೊಡ್ಡವರನ್ನು ಕೇಳದೆ ನೀರಿಗೆ ಇಳಿಯಬಾರದು, ಅದಕ್ಕೇ ‘ಇಳೀಲಿ?’ ಎಂಬ ಪ್ರಶ್ನೆ. ಮುಖಕ್ಕೆ ನೀರು ಬಂದರೆ ಬಾಯಿ ಮುಚ್ಚಬೇಕು. ಬಿದ್ದರೆ ಮುಂದಕ್ಕೆ ಹೋಗಬಾರದು, ಬಿದ್ದ ಕಡೆಗೇ ತಿರುಗಿ ದಂಡೆ ಹಿಡಿಯಬೇಕು. ಹಿಡಿದ ಮೇಲೆ ಮೊಣಕೈ, ಹೊಟ್ಟೆ, ಮೊಣಕಾಲು ಒಂದೊಂದಾಗಿ ಮೇಲೆ ಹಾಕಿ ಹತ್ತಬೇಕು. ಇದನ್ನೇ ವಾರಕ್ಕೆ ಮೂರು ದಿನ, ಸಾವಿರ ಸಲ. ನೋಡುವವರಿಗೆ ಬೇಸರ.

ತಿರುಗುವ ಪಾಠ ನಾನು ಕಲಿತದ್ದು ತರಬೇತಿಯಲ್ಲಲ್ಲ. ನಮ್ಮದು ಮಮದಾಪುರ. ಅಪ್ಪ ಶಿದ್ರಾಮ ಕುರಿ ಕಾಯ್ದವರು. ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ಹಳ್ಳದಲ್ಲಿ ಮೀಯಿಸುವಾಗ ನಾನೂ ಸೊಂಟದ ಮಟ್ಟ ನೀರಿನಲ್ಲಿ ನಿಲ್ಲುತ್ತಿದ್ದೆ. ಕೈ ಬಿಟ್ಟ ಕುರಿ ಆಚೀಚೆ ನೋಡದೆ ಇಳಿದ ದಂಡೆಗೇ ಹೋಗುತ್ತಿತ್ತು. ‘ಕುರಿಗಿ ಬುದ್ಧಿ ಇಲ್ಲ ಅಂತಾರ. ಬಂದ ದಂಡಿಗೆ ಹೊಳ್ಳೂದು ಅದಕ್ಕ ಗೊತ್ತೈತಿ, ಮನಷ್ಯಾಗ ಗೊತ್ತಿಲ್ಲ’ ಎಂದು ಅಪ್ಪ ನಗುತ್ತಿದ್ದರು.

ಒಂದು ಮಾತು. ಈ ಪಾಠ ಕಲಿತ ಕೂಸು ಮುಳುಗುವುದಿಲ್ಲ ಎಂದು ದಯವಿಟ್ಟು ತಿಳಿಯಬೇಡಿ. ಕೂಸು ನೀರಿನ ಹತ್ತಿರ ಇದ್ದಾಗ ದೊಡ್ಡವರು ಕೈಗೆ ಎಟುಕುವಷ್ಟು ದೂರದಲ್ಲೇ ಇರಬೇಕು.

ಹೆದರಿಕೆಯೋ ಧೈರ್ಯವೋ ಎಂದು ಕೇಳಿದ್ದೀರಿ. ಮೂರು ದಿನ ಯೋಚಿಸಿದೆ. ನನಗೂ ಸರಿಯಾಗಿ ಗೊತ್ತಿಲ್ಲ.

ಸುವರ್ಣಾ


ಬೆಲ್ಲದ ಬಾಗೇವಾಡಿ
28 ಏಪ್ರಿಲ್ 2025

ಸುವರ್ಣಾ ಅಕ್ಕೋರಿಗೆ ಶರಣು.

ನಿಮ್ಮ ಪತ್ರವನ್ನು ದಿನಪತ್ರಿಕೆ ಓದಿದ ಹಾಗೆ ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆ. ಈಗ ವಿಷಯ ಸ್ಪಷ್ಟವಾಯಿತು.

ಸುಜಾತಾ ಕೂಸಿನ ಜೊತೆ ತವರಿಗೆ ಬಂದಿದ್ದಾಳೆ. ಮೇ ಮುಗಿಯುವವರೆಗೆ ಇರುತ್ತಾಳೆ. ಪಾಠ ಮರೆಯಬಾರದೆಂದು ನಾನು ದನಕ್ಕೆ ನೀರು ಕುಡಿಸುವ ಸಿಮೆಂಟ್ ತೊಟ್ಟಿಯನ್ನು ತೊಳೆದು ತುಂಬಿಸಿದೆ. ಉದ್ದ ಆರು ಅಡಿ, ನೀರು ಒಂದೂವರೆ ಅಡಿ. ದಿನಾ ಬೆಳಿಗ್ಗೆ ಎಂಟಕ್ಕೆ ಅಭ್ಯಾಸ. ಕೇಳುತ್ತಾನೆ, ಇಳಿಯುತ್ತಾನೆ, ನಾನು ಮೆಲ್ಲಗೆ ನೂಕಿದರೆ ತಿರುಗಿ ಅಂಚು ಹಿಡಿದು ಹತ್ತುತ್ತಾನೆ. ಹನ್ನೆರಡು ದಿನದಲ್ಲಿ ಒಮ್ಮೆಯೂ ತಪ್ಪಿಲ್ಲ. ಓಣಿಯ ಮಂದಿ ಬಂದು ನಿಂತು ನೋಡುತ್ತಾರೆ. ‘ಮುರಿಗೆಪ್ಪಾ, ತಿಕೀಟ ಇಡೋ, ಸರ್ಕಸ್ಸಿನಕಿಂತಾ ಚಲೋ ನಡದೈತಿ’ ಎಂದ ಬಾಜೂ ಮನೆಯ ಕಲ್ಲಪ್ಪ.

ತೊಂದರೆ ಶಿವವ್ವಳದು. ಕೂಸು ನೀರಿಗೆ ತಾಗುವ ಮೊದಲೇ ಓಡಿಬಂದು ಎತ್ತಿಬಿಡುತ್ತಾಳೆ. ‘ಸ್ವಲ್ಪ ತಡೀ, ಅವನs ಹತ್ತಲಿ’ ಎಂದರೆ, ‘ಇದು ನಿಮ್ಮ ಗೇಟಲ್ಲ, ಕೂಸು. ತಡ್ಯಾಕ ನಾ ನಿಮ್ಮ ಇಲಾಖೆದಾಕಿನೂ ಅಲ್ಲ’ ಎನ್ನುತ್ತಾಳೆ. ಆದ್ದರಿಂದ ಎತ್ತುವ ಮೊದಲು ಎಷ್ಟು ಹೊತ್ತು ತಡೆಯಬೇಕು, ನೀವು ಲೆಕ್ಕ ಹಾಕಿ ಬರೆದು ಕಳಿಸಿ. ನಿಮ್ಮ ಬರಹ ತೋರಿಸಿದರೆ ಸುಮ್ಮನಾಗುತ್ತಾಳೆ.

ಇವನ ಈ ಚುರುಕು ನೋಡಿದರೆ, ನಮ್ಮ ಹೊಲದ ನೀರಿಗೂ ಇನ್ನು ಹೆದರಬೇಕಾಗಿಲ್ಲ ಎನಿಸುತ್ತದೆ.

ಮುರಿಗೆಪ್ಪ


ಗೋಕಾಕ
5 ಮೇ 2025

ಕಾಕಾ, ನಮಸ್ಕಾರ.

ಅವಸರದಲ್ಲಿ ಬರೆಯುತ್ತಿದ್ದೇನೆ. ಬೇಸಿಗೆಯ ತಂಡದಲ್ಲಿ ಇಪ್ಪತ್ಮೂರು ಮಕ್ಕಳಿದ್ದಾರೆ, ಅವರಿಗಿಂತ ಹೆಚ್ಚು ಅಜ್ಜಿಯರಿದ್ದಾರೆ. ತಾಯವ್ವ ಎಂಬ ಅಜ್ಜಿ ನಿನ್ನೆ ಎಲ್ಲರ ಮುಂದೆ ಕೇಳಿದರು: ‘ಏನ್ ಸುವರ್ಣಾ, ನಮ್ಮ ಹುಡುಗ ಈಜೂದ ಯಾವಾಗ? ಹಿಂಗ ದಂಡಿ ಹಿಡಕೊಂಡs ಲಗ್ನಾ ಮಾಡ್ಕೋತಾನೇನ?’

ಶಿವವ್ವ ಆಯಿಗೆ ಹೇಳಿ: ಐದು ಎಣಿಸುವವರೆಗೆ ಕೈ ಹಚ್ಚಬಾರದು. ಅಷ್ಟರಲ್ಲಿ ಕೂಸು ತಾನೇ ದಂಡೆ ಹಿಡಿಯುತ್ತದೆ. ಮೊದಲೇ ಎತ್ತಿದರೆ ಅದು ದಂಡೆಯನ್ನು ಬಿಟ್ಟು ನಮ್ಮ ಕೈಯನ್ನು ಹುಡುಕಲು ಕಲಿಯುತ್ತದೆ. ತಡೆದು ನಿಲ್ಲುವುದೇ ದೊಡ್ಡವರ ಪಾಠ.

ಸೂರಜನಿಗೆ ನನ್ನ ಮುತ್ತು.

ಸುವರ್ಣಾ


ಗೋಕಾಕ
16 ಜೂನ್ 2025

ಕಾಕಾ, ನಮಸ್ಕಾರ.

ಆರು ವಾರಗಳಿಂದ ನಿಮ್ಮ ಪತ್ರವಿಲ್ಲ. ಬಿತ್ತನೆಯ ಕೆಲಸವಿರಬಹುದೆಂದು ನಾನೂ ಬರೆಯಲಿಲ್ಲ.

ಸೂರಜ ಜೂನ್ ಎರಡರಿಂದ ಮತ್ತೆ ಬರುತ್ತಿದ್ದಾನೆ. ಅವನ ನಡವಳಿಕೆ ನನಗೆ ಅರ್ಥವಾಗುತ್ತಿಲ್ಲ. ‘ಇಳೀಲಿ?’ ಎಂದು ಕೇಳುವುದನ್ನು ಬಿಟ್ಟಿದ್ದಾನೆ, ಇಳಿಯುವುದನ್ನೇ ಬಿಟ್ಟಿದ್ದಾನೆ. ನಾನು ಎತ್ತಿಕೊಂಡು ನೀರಿಗೆ ತಂದರೆ ಅಳುವುದಿಲ್ಲ. ತಿರುಗುತ್ತಾನೆ. ದಂಡೆಯ ಮೇಲೆ ಅಂಗೈ ಇಡುತ್ತಾನೆ. ಆದರೆ ಬೆರಳು ಮಡಚುವುದಿಲ್ಲ. ಅಂಗೈಯನ್ನೇ ನೋಡುತ್ತ ನಿಧಾನ ಕೆಳಗೆ ಜಾರುತ್ತಾನೆ. ಒರಟು ಕಲ್ಲಿನ ದಂಡೆ ಅದು, ಜಾರುವಂಥದ್ದೇ ಅಲ್ಲ.

ಸುಜಾತಾ ಅಕ್ಕನನ್ನು ಕೇಳಿದೆ. ‘ಊರಾಗ ಒಮ್ಮೆ ತೊಟ್ಯಾಗ ಬಿದ್ದಿದ್ದನಂತ್ರಿ. ನಾ ಅವತ್ತ ಹುಕ್ಕೇರಿಗೆ ಲಗ್ನಕ್ಕ ಹೋಗಿದ್ದೆ. ನಮ್ಮಪ್ಪ ಎತ್ತಿದನಂತ’ ಎಂದರು. ಅದು ಅವನು ದಿನಾ ಆಡಿದ ತೊಟ್ಟಿ. ಅದರಲ್ಲಿ ಬಿದ್ದರೆ ಇಷ್ಟೊಂದು ಬದಲಾವಣೆ ಏಕೆ?

ನಾನು ಕಲಿಸಿದ್ದರಲ್ಲಿ ಏನಾದರೂ ತಪ್ಪಿದೆಯೇ?

ಸುವರ್ಣಾ


ಬೆಲ್ಲದ ಬಾಗೇವಾಡಿ
22 ಜೂನ್ 2025

ಸುವರ್ಣಾ ಅಕ್ಕೋರಿಗೆ ಶರಣು.

ನಾವೆಲ್ಲರೂ ಕ್ಷೇಮ. ಈ ಸಲ ಮುಂಗಾರು ಹದವಾಗಿ ಬಂದಿದೆ. ಸೋಯಾಬೀನ್ ಎರಡು ಎಕರೆ, ಗೋವಿನಜೋಳ ಒಂದೂವರೆ ಎಕರೆ ಬಿತ್ತಿದ್ದೇವೆ.

ಕೂಸಿನ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಮೇ ತಿಂಗಳಲ್ಲಿ ಗುಡುಗು ಜೋರಾಗಿತ್ತು, ಅದಕ್ಕೆ ಹೆದರಿರಬಹುದು. ಮಕ್ಕಳು ಒಂದು ಕಲಿಯುತ್ತವೆ, ಇನ್ನೊಂದು ಮರೆಯುತ್ತವೆ.

ಒಂದು ವಿಷಯ ತಿಳಿದುಕೊಳ್ಳಲು ಕೇಳುತ್ತೇನೆ. ಬಾಜೂ ಹೊಲದವರು ಕೃಷಿ ಹೊಂಡ ತೋಡಿಸಿದ್ದಾರೆ. ನೀರು ಇಂಗಬಾರದೆಂದು ಒಳಗೆಲ್ಲ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ, ನೀವು ನೋಡಿರಬಹುದು. ನಾಲ್ಕೂ ಕಡೆ ಇಳಿಜಾರು, ಹಿಡಿಯಲು ಅಂಚಿಲ್ಲ. ನಿಮ್ಮ ಪಾಠದಂತೆ ಕೂಸು ಕೇಳಿತು, ಬಾಯಿ ಮುಚ್ಚಿತು, ತಿರುಗಿತು ಎಂದುಕೊಳ್ಳಿ. ಕೈ ಇಟ್ಟಲ್ಲೆಲ್ಲ ಜಾರಿದರೆ ಮುಂದೆ ಏನು ಮಾಡಬೇಕು? ಅದನ್ನು ಯಾವಾಗ ಕಲಿಸುತ್ತೀರಿ?

ಮುರಿಗೆಪ್ಪ


ಗೋಕಾಕ
28 ಜೂನ್ 2025

ಕಾಕಾ, ನಮಸ್ಕಾರ.

ನಿಮ್ಮ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಹೊಂಡಕ್ಕೆ ಹಾಸುವಂಥದ್ದೇ ಹಾಳೆಯ ತುಂಡು ತಂದು, ಕೊಳದ ಒಂದು ಬದಿಗೆ ಹಲಗೆಗಳನ್ನು ಇಳಿಜಾರಾಗಿ ನಿಲ್ಲಿಸಿ ಅದರ ಮೇಲೆ ಬಿಗಿದೆ. ಮೊದಲು ನಾನೇ ನೀರಿನಿಂದ ಹತ್ತಲು ನೋಡಿದೆ. ನನಗೆ ಇಪ್ಪತ್ತೊಂಬತ್ತು ವರ್ಷ, ಹನ್ನೆರಡು ವರ್ಷದಿಂದ ಈಜುತ್ತಿದ್ದೇನೆ. ಆಗಲಿಲ್ಲ. ಒಂಬತ್ತು ಸಲ ಜಾರಿದೆ. ನಗುತ್ತ ನಿಂತಿದ್ದ ತಾಯವ್ವ ಅಜ್ಜಿ ಮೊಮ್ಮಗನನ್ನು ಎತ್ತಿಕೊಂಡರು.

ಆಮೇಲೆ ಪಾಲಕರನ್ನು ಕೇಳಿದೆ. ಇಪ್ಪತ್ಮೂರು ಮಕ್ಕಳಲ್ಲಿ ಎಂಟು ಮಕ್ಕಳ ಹೊಲದಲ್ಲಿ ಇಂಥ ಹೊಂಡವಿದೆ. ಇಷ್ಟು ದಿನ ನಾನು ಅವರನ್ನು ಕೇಳಿಯೇ ಇರಲಿಲ್ಲ. ಕೊಳಕ್ಕೆ ದಂಡೆಯಿದೆ, ಆದ್ದರಿಂದ ಎಲ್ಲ ನೀರಿಗೂ ದಂಡೆಯಿದೆ ಎಂದುಕೊಂಡು ಪಾಠ ಮಾಡಿದ್ದೇನೆ. ಜಾರಿದ ಮೇಲೆ ಏನು ಎಂದರೆ, ಕಾಕಾ, ಏನೂ ಇಲ್ಲ. ಮೂರು ವರ್ಷದ ಕೂಸಿಗೆ ಅಲ್ಲಿ ಮಾಡಲು ಏನೂ ಉಳಿಯುವುದಿಲ್ಲ. ದೊಡ್ಡವರ ಬೇಲಿ, ಬೀಗ, ಇಳಿಬಿಟ್ಟ ಹಗ್ಗ, ಅಷ್ಟೇ. ನಿಮ್ಮ ಬಾಜೂದವರಿಗೆ ಹೇಳಿ.

ಇಷ್ಟು ಬರೆದು ಲಕೋಟೆ ಅಂಟಿಸುವವಳಿದ್ದೆ. ನಿನ್ನೆ ನಡೆದದ್ದನ್ನೂ ಬರೆಯಬೇಕು. ಬೇರೊಂದು ಹುಡುಗಿ ದಂಡೆ ಹಿಡಿಯಲಿ ಎಂದು ನಾನು ಗಟ್ಟಿಯಾಗಿ ಎಣಿಸುತ್ತಿದ್ದೆ. ‘ಮೂರು’ ಎನ್ನುವಷ್ಟರಲ್ಲಿ ಮೆಟ್ಟಿಲ ಮೇಲಿದ್ದ ಸೂರಜ ಎರಡೂ ಕಿವಿ ಮುಚ್ಚಿಕೊಂಡ. ‘ಅಜ್ಜಾ, ಸಾಕು. ಅಜ್ಜಾ, ಸಾಕು’ ಎಂದ. ಸುಜಾತಾ ಅಕ್ಕ ಬಟ್ಟೆ ತರಲು ಹೋಗಿದ್ದರು, ಕೇಳಿಸಿಕೊಳ್ಳಲಿಲ್ಲ.

ಕಾಕಾ, ಆ ಹೊಂಡ ಬಾಜೂದವರದೇ?

ಸುವರ್ಣಾ


ಬೆಲ್ಲದ ಬಾಗೇವಾಡಿ
4 ಜುಲೈ 2025

ಸುವರ್ಣಾ ಅಕ್ಕೋರಿಗೆ,

ಹೊಂಡ ನಮ್ಮದು. ಇಪ್ಪತ್ತೊಂದು ಮೀಟರ್ ಉದ್ದ, ಅಷ್ಟೇ ಅಗಲ, ಮೂರು ಮೀಟರ್ ಆಳ. ಸುತ್ತ ತಂತಿಬೇಲಿ ಇದೆ, ಬಾಗಿಲಿದೆ. ಕೂಸು ಊರಲ್ಲಿದ್ದಾಗ ಬೀಗ ಹಾಕುತ್ತಿದ್ದೆ. ನಿಮ್ಮ ಪಾಠದ ಮೇಲಿನ ಭರವಸೆಯಿಂದ ಈ ಸಲ ಹಾಕಿರಲಿಲ್ಲ.

ಮೇ ಹದಿನೈದು, ಗುರುವಾರ, ಬೆಳಿಗ್ಗೆ ಹನ್ನೊಂದರ ಸುಮಾರು. ಪಂಪು ನೋಡಲು ಹೋಗುವಾಗ ಸೂರಜನನ್ನು ಕರೆದುಕೊಂಡು ಹೋದೆ. ನಮ್ಮ ಹೊಲದಲ್ಲಿ ಕೆಲಸ ಮಾಡುವ ಖಂಡೆಪ್ಪ ಅಲ್ಲಿದ್ದ. ಅವನಿಗೆ ಕೂಸಿನ ಪಾಠದ ಬಗ್ಗೆ ಹೇಳುತ್ತಿದ್ದೆ. ಹೆಮ್ಮೆಯಿಂದ ಹೇಳುತ್ತಿದ್ದೆ. ಕೂಸು ಅಂಚಿನಲ್ಲಿ ಕುಳಿತು ‘ಇಳೀಲಿ?’ ಎಂದದ್ದು ಕೇಳಿಸಿತು. ‘ಬ್ಯಾಡ’ ಎನ್ನಲು ತಿರುಗುವಷ್ಟರಲ್ಲಿ ಕುಳಿತಲ್ಲಿಂದಲೇ ಜಾರಿ ನೀರಿಗೆ ಹೋದ. ನಾನು ಕೈಗೆ ಎಟುಕುವಷ್ಟು ದೂರದಲ್ಲೇ ಇದ್ದೆ. ನೀವು ಬರೆದ ಹಾಗೆಯೇ ಇದ್ದೆ.

ಖಂಡೆಪ್ಪ ಓಡಿಬಂದ. ನಾನು ಅವನಿಗೆ ಕೈ ಅಡ್ಡ ಹಿಡಿದೆ.

‘ತಡೀ, ಐದ ಎಣಸೂಮಟಾ ಕೈ ಹಚ್ಚಬಾರ್ದು’ ಎಂದೆ.

ಒಂದು ಎಂದಾಗ ಕೂಸು ತಿರುಗಿತ್ತು. ಬಾಯಿ ಮುಚ್ಚಿತ್ತು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಎರಡಕ್ಕೆ ಹಾಳೆಯ ಮೇಲೆ ಅಂಗೈ ಇಟ್ಟ, ಜಾರಿದ. ಮೂರಕ್ಕೆ ಮತ್ತೆ ಇಟ್ಟ. ‘ಕಾಕಾ, ಕೂಸ ಒಳಗ ಹೊಂಟೈತ್ರಿ!’ ಎಂದು ಖಂಡೆಪ್ಪ ಒದರಿದ. ನಾಲ್ಕಕ್ಕೆ ಸೂರಜ ನನ್ನನ್ನೇ ನೋಡುತ್ತಿದ್ದ. ನಾನು ಐದು ಎಂದೆ. ಎಂದ ಮೇಲೆಯೇ ಇಳಿದೆ.

ಅವನನ್ನು ಎತ್ತಿ ಹಿಡಿದೆ. ಹತ್ತಲು ನನಗೂ ಆಗಲಿಲ್ಲ. ಖಂಡೆಪ್ಪ ಎತ್ತಿನ ಹಗ್ಗ ಬಿಚ್ಚಿ ತಂದು ಎಸೆಯುವವರೆಗೆ ಕೂಸನ್ನು ತಲೆಯ ಮೇಲೆ ಹೊತ್ತು, ಮುಳುಗುತ್ತ ಏಳುತ್ತ ಇದ್ದೆ. ಎಷ್ಟು ಹೊತ್ತೋ ಎಣಿಸಲಿಲ್ಲ. ಡಾಕ್ಟರು ಎದೆ ಪರೀಕ್ಷಿಸಿ, ಒಂದು ದಿನ ಕಣ್ಣಿಟ್ಟು ನೋಡಿ, ಏನೂ ತೊಂದರೆಯಿಲ್ಲ ಎಂದರು. ಶಿವವ್ವ ಮತ್ತು ನಾನು ಮಾತಾಡಿಕೊಂಡು ಸುಜಾತಾಳಿಗೆ ತೊಟ್ಟಿ ಎಂದು ಹೇಳಿದೆವು. ಅಂದಿನಿಂದ ಶಿವವ್ವ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ. ಗೋಕಾಕಕ್ಕೆ ಹೊರಡುವವರೆಗೂ ಕೂಸು ನನ್ನ ಹತ್ತಿರ ಬರಲಿಲ್ಲ. ಕೈ ಚಾಚಿದರೆ ಕೈಯನ್ನು ನೋಡಿ ಆಯಿಯ ಸೆರಗಿನ ಹಿಂದೆ ಹೋಗುತ್ತಿತ್ತು.

ನಿಮ್ಮ ಮೇಲೆ ದೂರು ಹೊರಿಸಲು ಇದನ್ನು ಬರೆಯುತ್ತಿಲ್ಲ. ನೀವು ಬರೆದದ್ದು ತೊಟ್ಟಿಗೆ, ನಾನು ಓದಿಕೊಂಡದ್ದು ಎಲ್ಲ ನೀರಿಗೆ. ಒಂದೇ ಲೆಕ್ಕ ಬಗೆಹರಿಯುತ್ತಿಲ್ಲ. ಪಾಠ ಇರದಿದ್ದರೆ ನಾನು ಬೀಗ ತೆರೆದಿಡುತ್ತಿರಲಿಲ್ಲ, ಕೂಸು ಬೀಳುತ್ತಿರಲಿಲ್ಲ. ಬಿದ್ದ ಮೇಲೆ ಪಾಠ ಇರದಿದ್ದರೆ ಅದು ನೀರು ಕುಡಿದು, ಹೊಂಡದ ನಡುವಿಗೆ ಹೋಗಿ, ನನ್ನ ಕೈಗೆ ಸಿಗುತ್ತಿರಲಿಲ್ಲ. ನಿಮ್ಮ ಪಾಠ ನನ್ನ ಮೊಮ್ಮಗನನ್ನು ಉಳಿಸಿತೋ, ನೀರಿಗೆ ತಳ್ಳಿತೋ? ಐವತ್ತು ದಿನದಿಂದ ಎರಡೂ ಕಡೆ ಬರೆದು ನೋಡುತ್ತಿದ್ದೇನೆ.

ಸುಜಾತಾಳಿಗೆ ಹೇಳಬೇಡಿ ಎಂದು ಬರೆಯಲು ಕುಳಿತಿದ್ದೆ. ಬರೆಯಲು ಆಗುತ್ತಿಲ್ಲ.

ಮುರಿಗೆಪ್ಪ


ಗೋಕಾಕ
9 ಜುಲೈ 2025

ಕಾಕಾ,

ಐದು ಎಂಬ ಲೆಕ್ಕ ನನ್ನದು. ನಾನು ನೀರಿನೊಳಗೆ, ಕೂಸಿನ ಬೆನ್ನ ಹಿಂದೆ, ಎರಡೂ ಕೈ ತೆರೆದು ನಿಂತು ಐದು ಎಣಿಸುತ್ತೇನೆ. ಅದನ್ನು ಬರೆಯಲಿಲ್ಲ. ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡೆ. ‘ಹೊಲದ ನೀರು’ ಎಂದು ನೀವು ಬರೆದಾಗ ಕಾಲುವೆ ಇರಬೇಕೆಂದು ಕೇಳದೆ ಮುಂದೆ ಹೋದೆ.

ಇಂದು ಪಾಠ ಮುಗಿದ ಮೇಲೆ ಸುಜಾತಾ ಅಕ್ಕನಿಗೆ ನಿಮ್ಮ ಪತ್ರ ಕೊಟ್ಟೆ. ನಿಮ್ಮನ್ನು ಕೇಳಬೇಕಿತ್ತು, ಕೇಳಲಿಲ್ಲ. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡೇ ಓದಿದರು. ಕೊನೆಯ ಹಾಳೆ ಮುಗಿದ ಮೇಲೆ ಮತ್ತೆ ಎರಡನೆಯ ಹಾಳೆಗೆ ಹೋದರು.

‘ನಾಕ ಅಂದಾಗ ಇವ ಅಪ್ಪನ್ನ ನೋಡಾಕತ್ತಿದ್ದ ಅಂತ ಬರದಾನ. ಐದನೇದ್ದು ಯಾಕ ಬೇಕಿತ್ರಿ?’ ಎಂದು ನನ್ನನ್ನು ಕೇಳಿದರು.

‘ನಾನು ಬರೆದಿದ್ದೆ’ ಎಂದೆ.

‘ನೀವು ಬರದೀರಿ. ಕಣ್ಣ ಅಪ್ಪಗ ಇದ್ದವಲ್ಲ’ ಎಂದರು. ಸಿಟ್ಟು ನನ್ನ ಮೇಲೋ, ನಿಮ್ಮ ಮೇಲೋ ತಿಳಿಯಲಿಲ್ಲ. ಪತ್ರ ತೆಗೆದುಕೊಂಡು ಹೋದರು. ಶುಕ್ರವಾರ ಬರುತ್ತಾರೋ ಇಲ್ಲವೋ ಹೇಳಲಿಲ್ಲ.

ಕೊಳದ ಮಾಲೀಕರಿಗೂ ಹೇಳಿದ್ದೇನೆ. ಈ ವಾರದಿಂದ ಅಪ್ಪ, ಅವ್ವ, ಅಜ್ಜ, ಅಜ್ಜಿ ಯಾರೇ ಇರಲಿ, ಆ ಪ್ಲಾಸ್ಟಿಕ್ ಹಾಳೆಯ ಮೇಲೆ ಒಮ್ಮೆ ಹತ್ತಲು ನೋಡಿದ ಮೇಲೆಯೇ ಅವರ ಕೂಸಿಗೆ ಪಾಠ. ಮೂವರು ಸಿಟ್ಟಾಗಿ ಬಿಟ್ಟುಹೋಗಿದ್ದಾರೆ. ನಾನು ಮಾಡುತ್ತಿರುವುದು ಸರಿಯೋ ತಪ್ಪೋ ಎಂದು ಈಗ ಯಾರನ್ನು ಕೇಳಬೇಕೆಂದು ತಿಳಿಯುತ್ತಿಲ್ಲ.

ಸುವರ್ಣಾ


ಬೆಲ್ಲದ ಬಾಗೇವಾಡಿ
14 ಜುಲೈ 2025

ಸುವರ್ಣಾ ಅಕ್ಕೋರಿಗೆ ಶರಣು.

ಸುಜಾತಾ ನಿನ್ನೆ ಒಬ್ಬಳೇ ಬಂದಿದ್ದಳು. ಕೂಸನ್ನು ಬಾಳೇಶನ ಹತ್ತಿರ ಬಿಟ್ಟಿದ್ದಳು. ಮನೆಯೊಳಗೆ ಬಾರದೆ ನೇರ ಹೊಲಕ್ಕೆ ಹೋದಳು. ಬೀಗ ತೆಗೆ ಎಂದಳು, ತೆಗೆದೆ. ಈಗ ನಾಲ್ಕೂ ಬದಿಗೆ ಹಳೇ ಟೈರುಗಳನ್ನು ನೈಲಾನ್ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಿದ್ದೇನೆ, ಅದನ್ನು ತೋರಿಸಿದೆ. ಅವಳು ಅದನ್ನು ನೋಡಲಿಲ್ಲ. ‘ಅವ ಎಲ್ಲಿ ಬಿದ್ದ?’ ಎಂದಳು. ತೋರಿಸಿದೆ.

ಖಂಡೆಪ್ಪನಿಂದ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಇನ್ನೊಂದು ತುದಿ ನನ್ನ ಕೈಗೆ ಕೊಡಿಸಿ, ಉಟ್ಟ ಸೀರೆಯಲ್ಲೇ ಅಲ್ಲಿ ಇಳಿದಳು. ಮೂರು ಸಲ ಹತ್ತಲು ನೋಡಿದಳು. ಆಮೇಲೆ ಹತ್ತುವುದನ್ನು ಬಿಟ್ಟು ಕೆಳಗಿನಿಂದ ನನ್ನನ್ನೇ ನೋಡುತ್ತ ಇದ್ದಳು. ನಾನು ಕೂಡಲೇ ಎಳೆದೆ. ಖಂಡೆಪ್ಪ ಕೈ ಹಚ್ಚುವ ಮೊದಲೇ ಎಳೆದುಬಿಟ್ಟೆ.

ಮೇಲೆ ಬಂದು ಸೀರೆ ಹಿಂಡಿಕೊಂಡಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

‘ಬುಧವಾರದಿಂದ ಸೂರಜನ್ನ ಕ್ಲಾಸಿಗೆ ನೀನs ಕರಕೊಂಡ ಹೋಗಬೇಕಪಾ. ದಂಡಿಮ್ಯಾಗ ಕುಂತ ಪೇಪರ ಓದೂದಲ್ಲ. ನೀರಾಗ ಇಳದ ಅವನ ಹಿಂದ ನಿಂದರಬೇಕು’ ಎಂದಳು.

‘ನನ್ನ ಕಡೆ ಬರಾಂಗಿಲ್ಲವ್ವ ಅವ’ ಎಂದೆ.

‘ಬರೂಮಟಾ ನಿಂದ್ರು’ ಎಂದಳು.

ಬುಧವಾರ ಮೊದಲನೇ ಬಸ್ಸಿಗೆ ಹೊರಡುತ್ತೇನೆ. ಮೊದಲು ನಿಮ್ಮ ಹಾಳೆಯ ಮೇಲೆ ಹತ್ತಲು ನೋಡುತ್ತೇನೆ, ಅದು ನಿಮ್ಮ ನಿಯಮ. ಆಮೇಲೆ ನೀವು ಹೇಳಿದಲ್ಲಿ ನಿಲ್ಲುತ್ತೇನೆ. ಕೂಸು ನನ್ನ ಕೈಗೆ ಬರುತ್ತದೋ ಇಲ್ಲವೋ ಗೊತ್ತಿಲ್ಲ.

ಮುರಿಗೆಪ್ಪ